ಸಹಜ ಹೆರಿಗೆಗೂ ಡ್ರಿಪ್ ಬೇಕಾ? ಒಂದು ಬಾಟಲಿಯ ಹಿನ್ನೆಲೆ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿದ್ದ ಹಲವು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವದ ಮೇಲೆ ಅನುಮಾನ ಬಂತು. ಸರ್ಕಾರ ಆ ಪೂರೈಕೆಯ ಬಾಟಲಿಗಳನ್ನು ತಡೆಹಿಡಿಯಿತು. ಆಮೇಲೆ ಡ್ರಿಪ್ ಅಂದರೆ ಗರ್ಭಿಣಿಯರ ಮನೆಗಳಲ್ಲಿ ಅಂಜಿಕೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಬಾಟಲಿಯಲ್ಲಿರುವ ದ್ರವ ಸರಿಯಾಗಿದೆಯೇ ಎಂಬುದು ಒಂದು. ನೋವು ತಾನಾಗಿಯೇ ಬಂದು, ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾಗ ಆ ಬಾಟಲಿ ಬೇಕೇ ಬೇಕಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲ್ಯಾಬ್‌ಗಳು ಉತ್ತರ ಹೇಳಬೇಕು. ಈ ಲೇಖನ ಎರಡನೆಯದರ ಬಗ್ಗೆ.

ರಕ್ತನಾಳಕ್ಕೆ ಉಪ್ಪುನೀರು ಬಿಡುವ ಪದ್ಧತಿ ಶುರುವಾಗಿದ್ದು ಹೆರಿಗೆಗಾಗಿ ಅಲ್ಲ, ಕಾಲರಾಕ್ಕಾಗಿ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಇದನ್ನು ಮೊದಲು ಮಾಡಿದರು. ಹೆರಿಗೆ ಕೋಣೆಯಲ್ಲಿ ಅದು ರೂಢಿಯಾಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ದಾರಿ ಮಾಡಿಕೊಟ್ಟಿದ್ದು 1946ರ ಒಂದು ಅಧ್ಯಯನ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಒಂದು ದೊಡ್ಡ ಹೆರಿಗೆ ಆಸ್ಪತ್ರೆಯ 44,016 ಗರ್ಭಿಣಿಯರ ದಾಖಲೆ ನೋಡಿದರು. 66 ಮಂದಿಗೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿತ್ತು. ಇಬ್ಬರು ಸತ್ತಿದ್ದರು. ಆಗ ಹೆರಿಗೆ ಹೊತ್ತಿನಲ್ಲಿ ಮುಖಕ್ಕೆ ಮಾಸ್ಕ್ ಹಿಡಿದು ಪೂರ್ತಿ ಪ್ರಜ್ಞೆ ತಪ್ಪಿಸುವುದು ಮಾಮೂಲಾಗಿತ್ತು. ಮೆಂಡೆಲ್ಸನ್ ಹೇಳಿದ್ದು ಎರಡು ಮಾತು. ನೋವು ಬಂದ ಮೇಲೆ ಬಾಯಿಗೆ ಏನೂ ಕೊಡಬೇಡಿ, ಬೇಕಿದ್ದರೆ ರಕ್ತನಾಳದ ಮೂಲಕ ಕೊಡಿ. ಮತ್ತೆ, ಆದಷ್ಟೂ ಪ್ರಜ್ಞೆ ತಪ್ಪಿಸದೆ, ಬೇಕಾದ ಭಾಗಕ್ಕಷ್ಟೇ ಮರಗಟ್ಟುವ ಮದ್ದು ಬಳಸಿ.

ಎರಡನೆಯ ಮಾತೂ ಕಾಲಕ್ರಮದಲ್ಲಿ ಜಾರಿಗೆ ಬಂತು. ಇವತ್ತು ಸಹಜ ಹೆರಿಗೆಗೆ ಯಾರೂ ಪ್ರಜ್ಞೆ ತಪ್ಪಿಸುವುದಿಲ್ಲ. ಸಿಸೇರಿಯನ್‌ಗೂ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್. ಅಂದರೆ ಉಪವಾಸಕ್ಕೆ ಇದ್ದ ಮುಖ್ಯ ಕಾರಣ ಬಹುಮಟ್ಟಿಗೆ ಹೋಯಿತು. ಉಪವಾಸ ಮಾತ್ರ ಹೋಗಲಿಲ್ಲ. ಬಾಯಿಗೆ ನೀರಿಲ್ಲ ಅಂದ ಮೇಲೆ ಕೈಗೆ ಡ್ರಿಪ್ ಬೇಕೇ ಬೇಕಲ್ವಾ?

ಇದರ ಜೊತೆಗೆ ಇನ್ನೊಂದು ಎಳೆ ಸೇರಿತು. ಗರ್ಭಕೋಶವನ್ನು ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಹಾರ್ಮೋನನ್ನು 1953ರಲ್ಲಿ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. 1960ರ ದಶಕದ ಕೊನೆಗೆ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೀರನ್ ಓಡ್ರಿಸ್ಕಾಲ್ ಎಂಬ ವೈದ್ಯರು ಮೊದಲ ಹೆರಿಗೆ ನಿಧಾನವಾದರೆ ಆಕ್ಸಿಟೋಸಿನ್ ಡ್ರಿಪ್ ಕೊಟ್ಟು ಬೇಗ ಮುಗಿಸುವ ಕ್ರಮ ತಂದರು. ಅಲ್ಲಿ ಇನ್ನೊಂದು ಕಟ್ಟುನಿಟ್ಟಾದ ನಿಯಮವಿತ್ತು. ಪ್ರತಿ ಹೆಂಗಸಿನ ಪಕ್ಕ ಒಬ್ಬ ನರ್ಸ್ ಕೊನೆಯವರೆಗೂ ಇರಲೇಬೇಕು. ಡ್ರಿಪ್ ದೇಶದೇಶಕ್ಕೆ ಹೋಯಿತು. ಪಕ್ಕದಲ್ಲಿ ಕೂರುವ ನರ್ಸ್ ಎಲ್ಲ ಕಡೆ ಹೋಗಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಬಹಳ ಮುಖ್ಯ ಅನ್ನಿಸುವುದು ಇದೇ.

ನಮ್ಮ ಕಡೆ ಬಹಳ ಕಾಲ ಈ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಮನೆ ಹೆರಿಗೆಯಲ್ಲಿ ರಕ್ತ ಹೋಗಲು ಶುರುವಾದರೆ ಎಷ್ಟೋ ಹೆಂಗಸರು ಆಸ್ಪತ್ರೆ ತಲುಪುವ ಮುಂಚೆಯೇ ಸಾಯುತ್ತಿದ್ದರು ಅನ್ನುವುದನ್ನೂ ಮರೆಯಬಾರದು. 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ಮಡಿಲು ಕಿಟ್ ಎಲ್ಲ ಬಂದವು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ 65ರಷ್ಟು ಹೆರಿಗೆ ಆಸ್ಪತ್ರೆಗಳಲ್ಲಿ ಆಗಿದ್ದವು. 2019-21ರ ಹೊತ್ತಿಗೆ ಅದು ಶೇ 97. ತಾಯಂದಿರ ಸಾವು ಕಡಿಮೆಯಾಯಿತು. ಇದು ದೊಡ್ಡ ಸಾಧನೆ.

ಹೆರಿಗೆಗಳು ಬಂದಷ್ಟು ಬೇಗ ಮಂಚ, ನರ್ಸ್, ವೈದ್ಯರು ಬರಲಿಲ್ಲ. ಒಬ್ಬರೇ ಸ್ಟಾಫ್ ನರ್ಸ್ ನಾಲ್ಕೈದು ಹೆರಿಗೆ ನೋಡಿಕೊಳ್ಳಬೇಕಾದ ರಾತ್ರಿಗಳಲ್ಲಿ, ಬಂದ ತಕ್ಷಣ ಕೈಗೆ ಸೂಜಿ ಹಾಕಿ ಬಾಟಲಿ ನೇತುಹಾಕಿದರೆ ಒಂದು ಕೆಲಸ ಮುಗಿದಂತೆ. ಮನೆಯವರೂ ಅದನ್ನೇ ಬಯಸುತ್ತಾರೆ. 'ಇನ್ನೂ ಗ್ಲೂಕೋಸ್ ಹಾಕಿಲ್ಲ' ಅಂತ ಅತ್ತೆಯೋ ತಾಯಿಯೋ ಗಾಬರಿಯಾಗುತ್ತಾರೆ. ಬಾಟಲಿ ಇದ್ದರೆ ಚಿಕಿತ್ಸೆ ನಡೀತಾ ಇದೆ ಅನ್ನುವ ನಂಬಿಕೆ.

ಆ ಬಾಟಲಿಯಲ್ಲಿ ಏನಿದೆ? ಅರ್ಧ ಲೀಟರಿನ ಶೇ 5ರ ಡೆಕ್ಸ್‌ಟ್ರೋಸ್ (ಜನ ಗ್ಲೂಕೋಸ್ ಅನ್ನುವುದು ಇದನ್ನೇ) ಆದರೆ ಅದರಲ್ಲಿರುವುದು 25 ಗ್ರಾಂ ಸಕ್ಕರೆ. ಅಂದರೆ ಐದಾರು ಟೀ ಚಮಚ. ರಿಂಗರ್ ಲ್ಯಾಕ್ಟೇಟ್ ಆದರೆ ಉಪ್ಪಿನಂಶಗಳಿರುವ ನೀರು. ಅದರಿಂದ ಶಕ್ತಿ ಬರುವುದು ತೀರಾ ಕಡಿಮೆ. ಹೆರುವವಳಿಗೆ ಒಂದು ಲೋಟ ಗಂಜಿ, ನಾಲ್ಕು ಖರ್ಜೂರ ಕೊಟ್ಟರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಇನ್ನು ಬಾಟಲಿಯೊಳಗೆ 'ನೋವು ಬರೋ ಇಂಜೆಕ್ಷನ್' ಸೇರಿದ್ದರೆ ವಿಷಯವೇ ಬೇರೆ. ಆಕ್ಸಿಟೋಸಿನ್ ಬೆರೆಸಿದ ಬಾಟಲಿ ಹೊರಗಿನಿಂದ ನೋಡಲು ಸಾದಾ ಬಾಟಲಿಯ ಹಾಗೆಯೇ ಇರುತ್ತದೆ. ಅರ್ಧ ಲೀಟರಿಗೆ 5 ಯೂನಿಟ್ ಹಾಕಿದ್ದರೆ ಪ್ರತಿ ಹನಿಗೂ ಲೆಕ್ಕವಿದೆ. ಪಂಪ್ ಇಲ್ಲದ ಕಡೆ ನರ್ಸ್ ಗಡಿಯಾರ ನೋಡಿಕೊಂಡು ನಿಮಿಷಕ್ಕೆ ಎಷ್ಟು ಹನಿ ಅಂತ ಎಣಿಸಬೇಕು. ಹೆಂಗಸು ಕೈ ಮಡಚಿದರೆ, ಮಗ್ಗುಲಾದರೆ ಹನಿಯ ವೇಗ ಬದಲಾಗುತ್ತದೆ. ಜಾಸ್ತಿಯಾದರೆ ನೋವುಗಳ ನಡುವೆ ಬಿಡುವೇ ಇರುವುದಿಲ್ಲ. ಮಗುವಿಗೆ ಆಮ್ಲಜನಕ ಕಡಿಮೆಯಾಗಿ ಎದೆಬಡಿತ ಇಳಿಯಬಹುದು. ಹಿಂದೆ ಸಿಸೇರಿಯನ್ ಆಗಿದ್ದರೆ ಗರ್ಭಕೋಶ ಬಿರಿಯುವ ಅಪಾಯವೂ ಇದೆ. ಈ ಔಷಧಿ ಬೇಕಾದವರಿಗೆ ವರ. ಆದರೆ ಪಕ್ಕದಲ್ಲಿ ಕಣ್ಣಿಟ್ಟು ನೋಡುವವರು ಇರಲೇಬೇಕು.

ಅದೇ ಆಕ್ಸಿಟೋಸಿನ್ 2018ರಲ್ಲಿ ಸುದ್ದಿಗೆ ಬಂತು. ಎಮ್ಮೆ, ಹಸುಗಳಿಗೆ ಹಾಲು ಇಳಿಸಲು ಚುಚ್ಚುತ್ತಾರೆ ಎಂಬ ಕಾರಣಕ್ಕೆ ದೇಶದ ಬಳಕೆಗೆ ಖಾಸಗಿಯವರು ತಯಾರಿಸುವಂತಿಲ್ಲ, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಮಾತ್ರ ತಯಾರಿಸಬೇಕು ಎಂದು ಕೇಂದ್ರ ಆದೇಶಿಸಿತು. ತಾಯಂದಿರಿಗೆ ಔಷಧಿ ಸಿಗದೆ ಹೋದರೆ ಏನು ಗತಿ ಎಂಬ ಪ್ರಶ್ನೆ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು.

ಡ್ರಿಪ್ ಪರವಾಗಿ ಇರುವ ಗಟ್ಟಿ ವಾದ ರಕ್ತಸ್ರಾವ. ಹೆರಿಗೆಯಾದ ಮೇಲೆ ರಕ್ತ ಧಾರಾಕಾರ ಹೋಗಲು ಶುರುವಾದರೆ ಬಿಪಿ ಕುಸಿದು ನರವೇ ಸಿಗುವುದಿಲ್ಲ. ಆ ಹೊತ್ತಲ್ಲಿ ಸೂಜಿ ಹಾಕಲು ಕಳೆಯುವ ಒಂದೊಂದು ನಿಮಿಷವೂ ದುಬಾರಿ. ಕರ್ನಾಟಕದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇರುವಾಗ ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು.

ಹಾಗಿದ್ದರೂ ರಕ್ತಸ್ರಾವ ತಡೆಯಲು ಬಾಟಲಿ ಬೇಕಿಲ್ಲ ಎಂಬುದಕ್ಕೆ ಬಹಳ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ನಮ್ಮ ಬೆಳಗಾವಿಯಲ್ಲೇ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ. ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು. ಮಗು ಹುಟ್ಟಿದ ಕೂಡಲೇ ಅರ್ಧ ಜನಕ್ಕೆ ಗರ್ಭಕೋಶ ಬಿಗಿಯುವಂತೆ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಹೋದ ರಕ್ತವನ್ನು ಅಂದಾಜಿನಲ್ಲಿ ಹೇಳದೆ, ಅಳತೆಯ ಗುರುತಿರುವ ಪ್ಲಾಸ್ಟಿಕ್ ಹಾಸಿನ ಚೀಲದಲ್ಲಿ ಹಿಡಿದು ಅಳೆದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಅತಿಯಾದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಾದರೆ ಇದಕ್ಕಿಂತ ಸುಲಭ. ಮಗು ಹುಟ್ಟಿದ ಮೇಲೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ. ಅದಕ್ಕೂ ಡ್ರಿಪ್ ಬೇಕಿಲ್ಲ.

ಅತಿಯಾದ ದ್ರವದಿಂದ ಆಗುವ ತೊಂದರೆಗಳೂ ನಿಧಾನವಾಗಿ ಬೆಳಕಿಗೆ ಬಂದವು. ತಾಯಿಗೆ ಡೆಕ್ಸ್‌ಟ್ರೋಸ್ ಜಾಸ್ತಿ ಹೋದರೆ ಹುಟ್ಟಿದ ಮಗುವಿನ ಸಕ್ಕರೆ ಅಂಶ ಕುಸಿಯಬಹುದು. ಡ್ರಿಪ್ ನೀರು ಮಗುವಿನ ಮೈಗೂ ಸೇರುತ್ತದೆ. ಅದು ಮೊದಲ ದಿನ ಮೂತ್ರದಲ್ಲಿ ಹೋದಾಗ ಮಗುವಿನ ತೂಕ ಇಳಿದಂತೆ ಕಾಣುತ್ತದೆ. ಆಗ 'ಎದೆಹಾಲು ಸಾಲುತ್ತಿಲ್ಲ' ಅಂತ ಸುಮ್ನೆ ಡಬ್ಬಿ ಹಾಲು ಶುರುವಾಗುತ್ತದೆ. ಬಾಟಲಿಗೆ ಕಟ್ಟಿಹಾಕಿದ ಹಾಗೆ ಮಲಗಿದವಳಿಗೆ ಎದ್ದು ಓಡಾಡುವುದೂ ಕಷ್ಟ. ಓಡಾಡಿದರೆ ಹೆರಿಗೆ ಸಲೀಸಾಗುತ್ತದೆ ಅನ್ನುವುದು ಅಜ್ಜಿಯರ ಮಾತಷ್ಟೇ ಅಲ್ಲ, ಅಧ್ಯಯನಗಳೂ ಅದನ್ನೇ ಹೇಳುತ್ತವೆ.

2017ರಲ್ಲಿ ಅಮೆರಿಕದ ಹೆರಿಗೆ ತಜ್ಞರ ಸಂಘವು, ತಾನಾಗಿ ಮುಂದುವರಿಯುತ್ತಿರುವ ಹೆರಿಗೆಗೆ ಎಲ್ಲರಿಗೂ ಡ್ರಿಪ್ ಬೇಕಾಗದಿರಬಹುದು ಎಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಸ್ಪಷ್ಟವಾಗಿ ಹೇಳಿತು. ಅಪಾಯ ಕಡಿಮೆ ಇರುವ ಹೆಂಗಸರು ಹೆರಿಗೆ ನೋವಿನ ಹೊತ್ತಲ್ಲಿ ತಿನ್ನಬಹುದು, ಕುಡಿಯಬಹುದು. ಬೇಗ ಹೆರಿಗೆಯಾಗಲಿ ಅಂತ ಡ್ರಿಪ್ ಹಾಕುವುದು ಬೇಡ.

ಹಾಗಂತ ಡ್ರಿಪ್ ಬೇಡವೇ ಬೇಡ ಅಂತಲ್ಲ. ಹೆರಿಗೆ ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಮದ್ದು ಹಾಕಿಸಿಕೊಂಡರೆ, ರಕ್ತಸ್ರಾವವಾದರೆ, ವಾಂತಿಯಾಗಿ ನಿತ್ರಾಣವಾದರೆ, ಸಿಸೇರಿಯನ್ ಮಾಡಬೇಕಾದರೆ ಅದು ಬೇಕು. ತೀವ್ರ ರಕ್ತಹೀನತೆ, ಜಾಸ್ತಿ ಬಿಪಿ, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್ ಇದ್ದವರಿಗೆ ಮೊದಲೇ ಕೈಗೆ ಸೂಜಿ ಹಾಕಿಡುವುದು ಜಾಣತನ. ಆದರೆ ಸೂಜಿ ಬೇರೆ, ಬಾಟಲಿ ಬೇರೆ, ಬಾಟಲಿಯೊಳಗಿನ ಔಷಧಿ ಬೇರೆ. ಕ್ಯಾನುಲಾ (ನರದಲ್ಲೇ ಉಳಿಯುವ ಸಣ್ಣ ಕೊಳವೆ) ಹಾಕಿ, ಮುಚ್ಚಳ ಬಿಗಿದು ಹಾಗೇ ಬಿಡಬಹುದು. ತುರ್ತು ಬಂದರೆ ದಾರಿ ಸಿದ್ಧವಿರುತ್ತದೆ, ಅಲ್ಲಿಯವರೆಗೆ ಆಕೆ ನೀರು ಕುಡಿಯುತ್ತಾ ಓಡಾಡಿಕೊಂಡಿರಬಹುದು. ಎಷ್ಟೋ ದೇಶಗಳಲ್ಲಿ ಇದು ನಡೆದುಬಂದ ಕ್ರಮ. ನಮ್ಮಲ್ಲಿ ಮೂರನ್ನೂ ಒಂದೇ ಎಂಬಂತೆ ಹಾಕುವ ರೂಢಿ ಇನ್ನೂ ಇದೆ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳ ಸುಧಾರಣೆಗೆ 'ಲಕ್ಷ್ಯ' ಕಾರ್ಯಕ್ರಮ ತಂದಿತು. ಹೆರುವವಳ ಜೊತೆ ಮನೆಯ ಒಬ್ಬ ಹೆಂಗಸು ಇರಬಹುದು, ಆಕೆಯನ್ನು ಗೌರವದಿಂದ ಕಾಣಬೇಕು ಎಂಬುದು ಅದರ ಭಾಗ. ಮರುವರ್ಷ ನರ್ಸ್‌ಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿಯೂ ಬಂತು. ಡಬ್ಲಿನ್‌ನಿಂದ ಡ್ರಿಪ್ ಜೊತೆ ಬರಬೇಕಿದ್ದ, ಪಕ್ಕದಲ್ಲೇ ಕೂರುವ ಆ ನರ್ಸ್ ನಮ್ಮ ಹೆರಿಗೆ ಕೋಣೆಗೆ ಬರಲು ಇರುವ ದಾರಿ ಇದೇ. ತರಬೇತಾದವರು ಸಾಕಷ್ಟು ಸಿಗುವವರೆಗೆ ಗರ್ಭಿಣಿಯರು ಮಾಡಬಹುದಾದದ್ದು ಇಷ್ಟು. ನೋವು ಬಂದ ಮೇಲೆ ಇದನ್ನೆಲ್ಲ ಕೇಳಲು ಆಗುವುದಿಲ್ಲ. ಒಂಬತ್ತನೇ ತಿಂಗಳ ತಪಾಸಣೆಯಲ್ಲೇ ಕೇಳಿಕೊಳ್ಳಿ: 'ನನಗೆ ಡ್ರಿಪ್ ಬೇಕಾಗುವಂಥ ತೊಂದರೆ ಏನಾದರೂ ಇದೆಯಾ? ನೀರು, ಗಂಜಿ ಕುಡಿಯಬಹುದಾ? ಬಾಟಲಿಗೆ ನೋವು ಬರೋ ಇಂಜೆಕ್ಷನ್ ಸೇರಿಸುವ ಮುಂಚೆ ನನಗೆ ಹೇಳ್ತೀರಾ?' ಉತ್ತರವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಂಡರೆ ರಾತ್ರಿ ಪಾಳಿಯ ಸಿಸ್ಟರ್‌ಗೂ ಗೊತ್ತಾಗುತ್ತದೆ.