ನೆಟ್‌ವರ್ಕ್ ಡಿಸ್ಕಿನಲ್ಲಿಟ್ಟ ರೆಪೊಸಿಟರಿ ಮತ್ತು ಲಾಕ್‌ಗಳ ತೊಡಕು: ಅಧ್ಯಯನ ಟಿಪ್ಪಣಿ

ನಾಲ್ಕೈದು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡುವಾಗ, ಲ್ಯಾಬಿನ ಎಲ್ಲ ಯಂತ್ರಗಳಿಗೂ ಕಾಣುವ ಹಂಚಿಕೆಯ ಫೋಲ್ಡರಿನಲ್ಲಿಯೇ ರೆಪೊಸಿಟರಿಯನ್ನು (ಪ್ರಾಜೆಕ್ಟಿನ ಫೈಲುಗಳು ಮತ್ತು ಅವುಗಳ ಬದಲಾವಣೆಯ ಇತಿಹಾಸವಿರುವ ಸಂಗ್ರಹ) ಇಟ್ಟುಬಿಡುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿ ತೋರುತ್ತದೆ. ತುಮಕೂರಿನ ನಮ್ಮ ಓದಿನ ಗುಂಪಿನಲ್ಲಿ ಹೆಚ್ಚಿನವರು ಆರಂಭಿಸಿದ್ದೂ ಹೀಗೆಯೇ. ಒಬ್ಬರೇ ಬರೆಯುತ್ತಿರುವವರೆಗೆ ತೊಂದರೆಯೇನೂ ಕಾಣುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಬರೆಯಲು ಹೊರಟಾಗ, ಅವರಲ್ಲಿ ಒಬ್ಬರನ್ನು ತಡೆದು ನಿಲ್ಲಿಸುವ, ಅಂದರೆ ಲಾಕ್ ಹಾಕುವ, ಹೊಣೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದೇ ಈ ಟಿಪ್ಪಣಿಯ ವಿಷಯ. ಇಂಥ ಇತಿಹಾಸವನ್ನು ನೋಡಿಕೊಳ್ಳುವ ಗಿಟ್ ಆಗಲಿ ಸಬ್‌ವರ್ಷನ್ ಆಗಲಿ ಆ ಹೊಣೆಯನ್ನು ತಾನೇ ಹೊರುವುದಿಲ್ಲ. ಕೆಳಗಿರುವ ಫೈಲ್ ಸಿಸ್ಟಮ್ ಅದನ್ನು ನಿಭಾಯಿಸುತ್ತದೆ ಎಂದು ನಂಬಿಕೊಂಡಿರುತ್ತದೆ.

ಮೊದಲು ಗಿಟ್ ವಿಚಾರ. ನಾವು ಒಂದು ಫೈಲನ್ನು ಸೇರಿಸಿದಾಗ ಅಥವಾ ಕಮಿಟ್ ಮಾಡಿದಾಗ (ಬದಲಾವಣೆಯನ್ನು ಇತಿಹಾಸದಲ್ಲಿ ದಾಖಲಿಸಿದಾಗ), ಗಿಟ್ ಇಂಡೆಕ್ಸ್.ಲಾಕ್ ಎಂಬ ಫೈಲನ್ನು 'ಈಗಾಗಲೇ ಇದ್ದರೆ ಸೃಷ್ಟಿಸಬೇಡ' ಎಂಬ ಷರತ್ತಿನೊಂದಿಗೆ ಸೃಷ್ಟಿಸಲು ಕೇಳಿ, ಅದು ಸಿಕ್ಕರೆ ಹೊಸ ಇಂಡೆಕ್ಸನ್ನು (ಮುಂದಿನ ಕಮಿಟ್ಟಿಗೆ ಸೇರಬೇಕಾದ ಫೈಲುಗಳ ಪಟ್ಟಿ) ಅದರೊಳಗೇ ಬರೆದು, ಕೊನೆಯಲ್ಲಿ ಅದರ ಹೆಸರು ಬದಲಿಸಿ ಹಳೆಯ ಇಂಡೆಕ್ಸಿನ ಜಾಗಕ್ಕೆ ತರುತ್ತದೆ. ಬ್ರಾಂಚುಗಳ (ಇತಿಹಾಸದ ಕವಲುಗಳ) ತುದಿಯನ್ನು ಬದಲಿಸುವಾಗಲೂ ಇದೇ ಕ್ರಮ. ಇಲ್ಲಿ ಫೈಲಿನ ಇರುವಿಕೆಯೇ ಲಾಕ್. ಬೆಂಗಳೂರು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ: ಹಾಕಿದವರು ಎಲ್ಲಿದ್ದಾರೆ, ಬರುತ್ತಾರೋ ಇಲ್ಲವೋ ಎಂಬುದು ಟವೆಲಿಗೆ ಗೊತ್ತಿಲ್ಲ. ಕೆಲಸ ಮಾಮೂಲಾಗಿ ಮುಗಿದರೆ ಅಥವಾ ನಡುವೆ ನಾವೇ ನಿಲ್ಲಿಸಿದರೆ ಗಿಟ್ ಆ ಫೈಲನ್ನು ಅಳಿಸಿಯೇ ಹೋಗುತ್ತದೆ; ಆದರೆ ಕರೆಂಟ್ ಹೋಗಿ ಯಂತ್ರವೇ ಆರಿಹೋದರೆ ಅಳಿಸುವವರು ಯಾರೂ ಇರುವುದಿಲ್ಲ. ಮುಂದಿನ ಬಾರಿ 'ಫೈಲ್ ಈಗಾಗಲೇ ಇದೆ, ಮತ್ತೊಂದು ಗಿಟ್ ಪ್ರಕ್ರಿಯೆ ನಡೆಯುತ್ತಿರುವಂತಿದೆ' ಎಂಬ ಅರ್ಥದ ಸಂದೇಶ ಬರುತ್ತದೆ.

ಈ ಹಂತದಲ್ಲಿ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯೆಂದರೆ, ಪಿಎಸ್ ಆದೇಶ ಕೊಟ್ಟು ಬೇರೆ ಗಿಟ್ ಓಡುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು ಲಾಕ್ ಫೈಲನ್ನು ಅಳಿಸಿ ಎಂಬುದು. ಸ್ವಂತ ಡಿಸ್ಕಿನ ಮಟ್ಟಿಗೆ ಅದು ಸರಿಯಾದ ಸಲಹೆ. ಹಂಚಿಕೆಯ ಫೋಲ್ಡರಿನಲ್ಲಿ ಮಾತ್ರ ಅಪಾಯಕಾರಿ. ಪಿಎಸ್ ತೋರಿಸುವುದು ನಾವು ಕೂತಿರುವ ಯಂತ್ರದ ಪ್ರಕ್ರಿಯೆಗಳನ್ನು ಮಾತ್ರ, ಲಾಕ್ ಹಿಡಿದಿರುವ ಗಿಟ್ ಆಚೆ ಸಾಲಿನ ಯಂತ್ರದಲ್ಲಿ ಇನ್ನೂ ಓಡುತ್ತಿರಬಹುದು. ಲಾಕ್ ಫೈಲನ್ನು ತೆರೆದು ನೋಡಿದರೂ ಅರ್ಧ ಬರೆದ ಇಂಡೆಕ್ಸ್ ಕಾಣುತ್ತದೆಯೇ ಹೊರತು ಅದು ಯಾರದೆಂದು ತಿಳಿಯುವುದಿಲ್ಲ. ಈ ಒಂದು ವಿಚಾರದಲ್ಲಿ ಗಿಟ್ಟಿನಂಥದೇ ಇನ್ನೊಂದು ಸಾಧನವಾದ ಮರ್ಕ್ಯುರಿಯಲ್ ಹೆಚ್ಚು ವಿವೇಕದಿಂದ ನಡೆದುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ: ಲಿನಕ್ಸಿನಲ್ಲಿ ಅದು ತನ್ನ ಲಾಕನ್ನು ಸಿಂಬಾಲಿಕ್ ಲಿಂಕ್ (ಬೇರೊಂದು ಹೆಸರನ್ನು ತೋರಿಸುವ ವಿಶೇಷ ಫೈಲ್) ಆಗಿ ಮಾಡಿ, ಯಂತ್ರದ ಹೆಸರು ಮತ್ತು ಪ್ರಕ್ರಿಯೆಯ ಸಂಖ್ಯೆ ಎರಡನ್ನೂ ಅದರಲ್ಲಿಯೇ ಬರೆದಿಡುತ್ತದೆ. ಹಾಗಾಗಿ ಅದೇ ಯಂತ್ರದಲ್ಲಿ ಆ ಪ್ರಕ್ರಿಯೆ ಸತ್ತಿದ್ದರೆ ಹಳೆಯ ಲಾಕನ್ನು ತಾನೇ ಮುರಿಯಬಲ್ಲದು, ಬೇರೆ ಯಂತ್ರದ್ದಾದರೆ ಮುಟ್ಟುವುದಿಲ್ಲ.

ಸಬ್‌ವರ್ಷನ್ನಿನ ಕಥೆ ಬೇರೆ. ಅದರ ಮೊದಲ ಶೇಖರಣಾ ವಿಧಾನವಾದ ಬರ್ಕ್ಲಿ ಡಿಬಿ, ಪ್ರಕ್ರಿಯೆಗಳ ನಡುವೆ ಹಂಚಿಕೊಂಡ ಮೆಮೊರಿಯನ್ನು ನೆಚ್ಚಿಕೊಂಡಿದ್ದರಿಂದ ನೆಟ್‌ವರ್ಕ್ ಡಿಸ್ಕಿಗೆ ಹೊಂದುವಂತೆಯೇ ಇರಲಿಲ್ಲ. 2004ರ 1.1 ಆವೃತ್ತಿಯಲ್ಲಿ ಬಂದ ಎಫ್‌ಎಸ್‌ಎಫ್‌ಎಸ್ ಎಂಬ ಹೊಸ ಶೇಖರಣಾ ವಿಧಾನ ಈ ಕಟ್ಟನ್ನು ಸಡಿಲಿಸಿತು. ಇದರಲ್ಲಿ ಓದುವವರಿಗೆ ಲಾಕ್ ಬೇಕಾಗಿಲ್ಲ. ಕಮಿಟ್ ಮಾಡುವವರು ಬದಲಾವಣೆಯನ್ನೆಲ್ಲ ಪ್ರತ್ಯೇಕ ಜಾಗದಲ್ಲಿ ಸಿದ್ಧಪಡಿಸಿಕೊಂಡು, ಹೊಸ ರಿವಿಷನ್ ಸಂಖ್ಯೆ (ಕಮಿಟ್ಟಿನ ಕ್ರಮಸಂಖ್ಯೆ) ಪಡೆಯುವ ಕೊನೆಯ ಘಳಿಗೆಯಲ್ಲಷ್ಟೇ ರೈಟ್-ಲಾಕ್ ಎಂಬ ಫೈಲಿನ ಮೇಲೆ ಕರ್ನೆಲ್ಲಿನಿಂದ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಿಂದ) ಲಾಕ್ ಕೇಳುತ್ತಾರೆ. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ, ಅಳಿಸಿದರೆ ಏನೂ ಪ್ರಯೋಜನವಿಲ್ಲ. ಪ್ರಕ್ರಿಯೆ ಸತ್ತರೆ ಕರ್ನೆಲ್ ಲಾಕನ್ನು ತಾನೇ ಬಿಡಿಸುತ್ತದೆ. ಸ್ವಂತ ಡಿಸ್ಕಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಬೇಕಿಲ್ಲ, ಆದರೆ ಒಂದು ಯಂತ್ರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಉಳಿದವಕ್ಕೆ ಹಂಚುವ ಎನ್‌ಎಫ್‌ಎಸ್‌ನಲ್ಲಿ ಎರಡು ಕರ್ನೆಲ್‌ಗಳು ಒಂದನ್ನೊಂದು ಕೇಳಿಕೊಳ್ಳಬೇಕಾಗುತ್ತದೆ.

ಎನ್‌ಎಫ್‌ಎಸ್ 3ರಲ್ಲಿ ಲಾಕ್ ಎಂಬುದು ಮೂಲ ಪ್ರೊಟೊಕಾಲಿನ ಭಾಗವೇ ಅಲ್ಲ. ಲಾಕ್‌ಡಿ ಮತ್ತು ಸ್ಟ್ಯಾಟ್‌ಡಿ ಎಂಬ ಎರಡು ಪಕ್ಕದ ಸೇವೆಗಳು ಅದನ್ನು ನೋಡಿಕೊಳ್ಳುತ್ತವೆ. ಫೈರ್‌ವಾಲಿನಲ್ಲಿ 2049ನೆಯ ಪೋರ್ಟ್ ಮಾತ್ರ ತೆರೆದು ಈ ಸೇವೆಗಳ ಪೋರ್ಟುಗಳನ್ನು ಮರೆತರೆ, ಫೈಲುಗಳು ಚೆನ್ನಾಗಿ ತೆರೆದುಕೊಳ್ಳುತ್ತಲೇ ಇರುತ್ತವೆ, ಕಮಿಟ್ ಮಾತ್ರ ನೇತುಬೀಳುತ್ತದೆ ಅಥವಾ 'ಲಾಕ್‌ಗಳು ಲಭ್ಯವಿಲ್ಲ' ಎಂಬ ದೋಷದೊಂದಿಗೆ ನಿಲ್ಲುತ್ತದೆ. ಲಾಕ್ ಹಿಡಿದ ಯಂತ್ರ ಆರಿಹೋಗಿ ಮತ್ತೆ ಏಳದಿದ್ದರೆ, ಸರ್ವರ್ ಆ ಲಾಕನ್ನು ಹಿಡಿದುಕೊಂಡೇ ಇರುತ್ತದೆ. ಯಂತ್ರ ಮತ್ತೆ ಎದ್ದು ಸ್ಟ್ಯಾಟ್‌ಡಿ ಸುದ್ದಿ ಮುಟ್ಟಿಸಿದ ಮೇಲೆಯೇ ಬಿಡುವುದು.

ಇದಕ್ಕಿಂತ ಕೆಟ್ಟದ್ದು ನೋಲಾಕ್ ಎಂಬ ಮೌಂಟ್ ಆಯ್ಕೆ (ಹಂಚಿಕೆಯ ಡಿಸ್ಕನ್ನು ಯಂತ್ರಕ್ಕೆ ಜೋಡಿಸುವಾಗ ಕೊಡುವ ಸೂಚನೆ). ದೋಷ ಬಂದಾಗ ಯಾರೋ ಎಲ್ಲಿಂದಲೋ ಹುಡುಕಿ ತಂದು ಇದನ್ನು ಹಾಕುತ್ತಾರೆ, ದೋಷವೂ ಮಾಯವಾಗುತ್ತದೆ. ಆದರೆ ಈಗ ಪ್ರತಿ ಯಂತ್ರವೂ ಲಾಕನ್ನು ತನ್ನೊಳಗೇ ಲೆಕ್ಕ ಹಾಕುವುದರಿಂದ, ಎರಡು ಯಂತ್ರಗಳಿಗೂ ಒಟ್ಟಿಗೇ 'ಸಿಕ್ಕಿತು' ಎಂಬ ಉತ್ತರ ಬರುತ್ತದೆ. ಇಬ್ಬರೂ ಒಂದೇ ರಿವಿಷನ್ ಸಂಖ್ಯೆಯನ್ನು ಬರೆದರೆ ಒಬ್ಬರ ಕಮಿಟ್ ಸದ್ದಿಲ್ಲದೆ ಅಳಿದುಹೋಗಬಹುದು. ದೋಷದ ಸಂದೇಶ ಬರುತ್ತಿದ್ದ ವ್ಯವಸ್ಥೆಯೇ ಇದಕ್ಕಿಂತ ಮೇಲು.

ಎನ್‌ಎಫ್‌ಎಸ್ 4ರಲ್ಲಿ ಲಾಕ್ ಪ್ರೊಟೊಕಾಲಿನೊಳಗೇ ಸೇರಿದೆ, ಅದಕ್ಕೊಂದು ಗಡುವೂ ಇದೆ. ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ ಅದು 90 ಸೆಕೆಂಡು. ಆ ಅವಧಿಯೊಳಗೆ ಕ್ಲೈಂಟ್ ನವೀಕರಿಸದಿದ್ದರೆ ಸರ್ವರ್ ಲಾಕನ್ನು ವಾಪಸು ಪಡೆಯಬಹುದು. ಸರ್ವರ್ ತಾನೇ ಬಿದ್ದು ಎದ್ದಾಗ, ಹಳೆಯ ಲಾಕ್ ಹೊಂದಿದ್ದವರು ಅದನ್ನು ಮರಳಿ ಕೇಳಿಕೊಳ್ಳಲೆಂದು ಕೆಲವು ಕಾಲ ಹೊಸ ಲಾಕ್‌ಗಳನ್ನು ಕೊಡುವುದಿಲ್ಲ. ಲ್ಯಾಬಿನಲ್ಲಿ ಕರೆಂಟ್ ಬಂದ ಕೂಡಲೇ ಕಮಿಟ್ ಒತ್ತಿ, ಅದು ನಿಂತಂತೆ ಕಂಡರೆ ಗಾಬರಿಯಾಗಿ ಏನನ್ನೂ ಅಳಿಸಬೇಕಾಗಿಲ್ಲ. ಒಂದೆರಡು ನಿಮಿಷ ಕಾದರೆ ಅದು ತಾನಾಗಿಯೇ ಮುಂದೆ ಹೋಗುತ್ತದೆ.

ಹೋಮ್ ಡೈರೆಕ್ಟರಿಯೇ ಎನ್‌ಎಫ್‌ಎಸ್ ಮೇಲಿರುವ ಲ್ಯಾಬುಗಳಲ್ಲಿ ಇನ್ನೊಂದು ಸಂಗತಿ. ಸಬ್‌ವರ್ಷನ್ 1.7ರಿಂದ ವರ್ಕಿಂಗ್ ಕಾಪಿಯ (ನಾವು ಕೆಲಸ ಮಾಡಲು ತೆಗೆದುಕೊಂಡ ಫೈಲುಗಳ ಪ್ರತಿಯ) ಲೆಕ್ಕಪತ್ರವೆಲ್ಲ ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿರುತ್ತದೆ. ರೆಪೊಸಿಟರಿ ಎಷ್ಟು ಸುರಕ್ಷಿತ ಜಾಗದಲ್ಲಿದ್ದರೂ, ಇಲ್ಲಿ ಲಾಕ್ ಕೈಕೊಟ್ಟರೆ 'ಡೇಟಾಬೇಸ್ ಲಾಕ್ ಆಗಿದೆ' ಎಂಬ ದೂರು ಬಂದೇ ಬರುತ್ತದೆ.

ಪರಿಹಾರ ದೊಡ್ಡದೇನಲ್ಲ. ರೆಪೊಸಿಟರಿ ಒಂದು ಯಂತ್ರದ ಸ್ವಂತ ಡಿಸ್ಕಿನಲ್ಲಿರಲಿ. ಉಳಿದವರು ಫೋಲ್ಡರಿನ ಮೂಲಕ ಹೋಗದೆ, ಗಿಟ್ ಆದರೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ, ಸಬ್‌ವರ್ಷನ್ ಆದರೆ 3690ನೆಯ ಪೋರ್ಟಿನ ಎಸ್‌ವಿಎನ್‌ಸರ್ವ್ (ಸಬ್‌ವರ್ಷನ್ನಿನದೇ ಸರ್ವರ್) ಮೂಲಕ ಹೋಗಲಿ. ಆಗ ಬರೆಯುವ ಪ್ರಕ್ರಿಯೆಗಳೆಲ್ಲ ಆ ಯಂತ್ರದಲ್ಲಿಯೇ ನಡೆಯುವುದರಿಂದ ಲಾಕ್ ಕೇಳಬೇಕಾದದ್ದು ಒಂದೇ ಕರ್ನೆಲ್ಲನ್ನು. ಮೂಲೆ ಸೇರಿದ ಹಳೆಯ ಪಿಸಿಯೊಂದು ಇಷ್ಟು ಕೆಲಸಕ್ಕೆ ಧಾರಾಳವಾಗಿ ಸಾಕು.

ಹಂಚಿಕೆಯ ಡಿಸ್ಕನ್ನೇ ಬಳಸದೆ ಬೇರೆ ಗತಿಯಿಲ್ಲದವರು ಕನಿಷ್ಠ ಒಂದು ಪರೀಕ್ಷೆ ಮಾಡಿ ನೋಡಬೇಕು. ಒಂದು ಯಂತ್ರದಲ್ಲಿ ಎಫ್‌ಲಾಕ್ ಆದೇಶದಿಂದ ಆ ಫೋಲ್ಡರಿನ ಯಾವುದಾದರೂ ಖಾಲಿ ಫೈಲಿನ ಮೇಲೆ ಲಾಕ್ ಹಿಡಿದು, ಒಂದು ನಿಮಿಷ ಸ್ಲೀಪ್ ಓಡಿಸಿ. ಅಷ್ಟರಲ್ಲಿ ಇನ್ನೊಂದು ಯಂತ್ರದಿಂದ, ಕಾಯದೆ ಉತ್ತರ ಕೊಡುವ ಆಯ್ಕೆಯೊಂದಿಗೆ ಅದೇ ಫೈಲಿಗೆ ಲಾಕ್ ಕೇಳಿ. ಎರಡನೆಯದಕ್ಕೂ ಲಾಕ್ ಸಿಕ್ಕಿಬಿಟ್ಟರೆ ರೆಪೊಸಿಟರಿಯನ್ನು ಅಂದೇ ಅಲ್ಲಿಂದ ಎತ್ತಿಬಿಡಿ.