ನೇಮ್ ಕ್ಲ್ಯಾಶ್: ಲಿನಕ್ಸ್ ಕರ್ನಲ್ ಒಳಗೆ ಇಬ್ಬರು ಬೋಪಣ್ಣ

ಕಣದಲ್ಲಿ ಹರಡಿದ ಕಾಫಿ ಎಷ್ಟು ಒಣಗಿದೆ ಅಂತ ನೋಡೋಕೆ ಒಂದು ಸೆನ್ಸರ್ ತಂದಿದ್ದೆ. ಅದನ್ನು ಕಂಪ್ಯೂಟರ್ ಜೊತೆ ಮಾತಾಡಿಸೋಕೆ ಒಂದು ಪುಟ್ಟ ಲಿನಕ್ಸ್ ಡ್ರೈವರ್ ಬರೆಯೋಣ ಅಂತ ಕೂತೆ. ಸೆನ್ಸರ್‌ನಿಂದ ಎಷ್ಟು ಮಿಲಿಆಂಪ್ ಬರುತ್ತಿದೆ ಅಂತ ಬರೆದಿಡಲು ಒಂದು ವೇರಿಯೇಬಲ್ ಬೇಕಿತ್ತು. 'ಕರೆಂಟ್' ಅಂತಲೇ ಹೆಸರಿಟ್ಟು ಸೊನ್ನೆ ತುಂಬಿದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುನಿಸಿಕೊಂಡಿತು: 'ಗೆಟ್_ಕರೆಂಟ್' ಫಂಕ್ಷನ್‌ಗೆ ವೇರಿಯೇಬಲ್ ಥರ ಬೆಲೆ ಕೊಟ್ಟಿದ್ದೀಯಂತೆ. ಅಂಥ ಫಂಕ್ಷನ್ ನಾನು ಬರೆದೇ ಇರಲಿಲ್ಲ!

ಇದೇ ನೇಮ್ ಕ್ಲ್ಯಾಶ್, ಅಂದರೆ ಹೆಸರಿನ ಡಿಕ್ಕಿ. ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, 'ಕರೆಂಟ್' ಒಂದು ಮ್ಯಾಕ್ರೋ: ಕಂಪೈಲ್‌ಗೆ ಮೊದಲೇ ಬೇರೆ ಕೋಡ್ ಆಗಿ ಬದಲಾಗುವ ಹೆಸರು. ಈಗ ಪ್ರೊಸೆಸರ್ ಮೇಲೆ ಓಡುತ್ತಿರುವ ಟಾಸ್ಕ್ ಯಾವುದು ಅಂತ ಅದು ತೋರಿಸುತ್ತದೆ. ಕಂಪೈಲರ್ ಕಣ್ಣಿಗೆ ಬೀಳುವ ಮೊದಲೇ ನನ್ನ ವೇರಿಯೇಬಲ್ ಹೆಸರಿನ ಜಾಗದಲ್ಲಿ 'ಗೆಟ್_ಕರೆಂಟ್' ಬಂದು ಕೂತಿತ್ತು. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಕರೆಂಟ್ ಕೈಕೊಡೋದು ಹೊಸದಲ್ಲ, ಆದರೆ ಈ ಥರ ಕೈಕೊಟ್ಟಿದ್ದು ಅದೇ ಮೊದಲು. 'ಸೆನ್ಸರ್_ಎಂಎ' ಅಂತ ಹೆಸರು ಬದಲಿಸಿದೆ, ಮುಗೀತು.

ಕರ್ನಲ್‌ನ ಬಹುಪಾಲು ಕೋಡ್ ಸಿ ಭಾಷೆಯಲ್ಲಿದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇರುವಂಥ ನೇಮ್‌ಸ್ಪೇಸ್, ಅಂದರೆ ಹೆಸರುಗಳಿಗೆ ಬೇರೆ ಬೇರೆ ಕೋಣೆ, ಇಲ್ಲಿಲ್ಲ. ಹೊರಗೆ ಕಾಣುವ ಹೆಸರುಗಳೆಲ್ಲ ಒಂದೇ ಅಂಗಳದಲ್ಲಿ ನಿಂತಿರುತ್ತವೆ. ಎರಡು ಫೈಲ್‌ಗಳಲ್ಲಿ 'ಡೀಬಗ್' ಅನ್ನೋ ಗ್ಲೋಬಲ್ ವೇರಿಯೇಬಲ್ ಇದ್ದು ಎರಡೂ ಕರ್ನಲ್ ಒಳಗೇ ಸೇರಿದರೆ, ಕಂಪೈಲ್ ಆದ ಫೈಲ್‌ಗಳನ್ನು ಒಟ್ಟು ಸೇರಿಸುವ ಲಿಂಕರ್ 'ಮಲ್ಟಿಪಲ್ ಡೆಫಿನಿಶನ್' ಅಂತ ನಿಲ್ಲಿಸಿಬಿಡುತ್ತದೆ.

ಕೊಡಗಿನವರಿಗೆ ಈ ಪಾಡು ಹೊಸದಾ? ಬೋಪಣ್ಣ, ಪೊನ್ನಪ್ಪ, ತಿಮ್ಮಯ್ಯ ಇಲ್ಲಿ ಊರೂರಲ್ಲೂ ಸಿಗುತ್ತಾರೆ. ಅದಕ್ಕೇ ಅಲ್ವಾ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರೋದು? ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ, ಜನರಲ್ ಕೆ. ಎಸ್. ತಿಮ್ಮಯ್ಯ, ಇಬ್ಬರ ಆ 'ಕೆ' ಕೂಡ ಕೊಡಂದೇರ. 1997ರಲ್ಲಿ ಶುರುವಾದ ಕೊಡವ ಹಾಕಿ ಉತ್ಸವದಲ್ಲಿ ತಂಡಗಳು ಆಡೋದೂ ಒಕ್ಕದ ಹೆಸರಲ್ಲೇ. ಕರ್ನಲ್‌ನವರೂ ಇದನ್ನೇ ಮಾಡುತ್ತಾರೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಫಂಕ್ಷನ್ ಹೆಸರುಗಳು ಸಾಮಾನ್ಯವಾಗಿ 'ಇಎಕ್ಸ್‌ಟಿ4_' ಅಂತ, ನೆಟ್‌ವರ್ಕ್‌ನ ಟಿಸಿಪಿ ಭಾಗದವು 'ಟಿಸಿಪಿ_' ಅಂತ ಶುರುವಾಗುತ್ತವೆ. ಹೆಸರು ಓದಿದರೆ ಯಾವ ಮನೆಯದು ಅಂತ ಗೊತ್ತಾಗುತ್ತದೆ.

ಫೈಲ್‌ನಿಂದ ಹೊರಗೆ ಬೇಡದ ಹೆಸರಿಗೆ 'ಸ್ಟ್ಯಾಟಿಕ್' ಹಚ್ಚಿದರೆ ಸಾಕು. ಅದು ಮನೆಯೊಳಗೆ ಕರೆಯುವ ಹೆಸರಿದ್ದ ಹಾಗೆ. ಮನೆಗೊಬ್ಬ ಕುಟ್ಟ ಇದ್ದರೂ ಯಾರಿಗೂ ಗೊಂದಲ ಇಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಇದನ್ನೇ, ಹೆಸರಿನ ಮುಂದೆ ಹಚ್ಚುವ ಪ್ರಿಫಿಕ್ಸ್ ಆಮೇಲೆ.

ಕರ್ನಲ್ ಓಡುತ್ತಿರುವಾಗ ಅದಕ್ಕೆ ಲೋಡ್ ಮಾಡುವ ಕೋಡಿನ ತುಂಡುಗಳು, ಅಂದರೆ ಮಾಡ್ಯೂಲ್‌ಗಳದ್ದು ಇನ್ನೊಂದು ಕಥೆ. ಕರ್ನಲ್ ಆಗಲೇ ಎಕ್ಸ್‌ಪೋರ್ಟ್ ಮಾಡಿರುವ (ಮಾಡ್ಯೂಲ್‌ಗಳ ಬಳಕೆಗೆ ಬಿಟ್ಟುಕೊಟ್ಟಿರುವ) ಹೆಸರನ್ನೇ ಮಾಡ್ಯೂಲ್ ಕೂಡ ಎಕ್ಸ್‌ಪೋರ್ಟ್ ಮಾಡಲು ಹೋದರೆ ಅದು ಲೋಡೇ ಆಗಲ್ಲ. 'ಡೂಪ್ಲಿಕೇಟ್ ಸಿಂಬಲ್' ಅಂತ ಲಾಗ್‌ನಲ್ಲಿ ಒಂದು ಸಾಲು ಬರುತ್ತದೆ.

ಇವೆಲ್ಲ ಕೂಗಿ ಹೇಳುವ ಡಿಕ್ಕಿಗಳು. ಸದ್ದಿಲ್ಲದ್ದೂ ಒಂದಿದೆ, ಶ್ಯಾಡೋಯಿಂಗ್, ಅಂದರೆ ಒಳಗಿನ ಹೆಸರು ಹೊರಗಿನದನ್ನು ಮರೆಮಾಡೋದು. ಹೊರಗೆ 'ರೆಟ್' ಇದೆ, ಒಳಗಿನ ಬ್ಲಾಕ್‌ನಲ್ಲಿ ಮತ್ತೊಂದು 'ರೆಟ್' ಹುಟ್ಟುತ್ತದೆ. ಎರರ್ ಕೋಡ್ ಒಳಗಿನದಕ್ಕೆ ಹೋಗುತ್ತದೆ, ಹೊರಗಿನದು ಸೊನ್ನೆಯಾಗೇ ಉಳಿದು 'ಎಲ್ಲ ಸರಿ' ಅನ್ನುತ್ತದೆ. ಸಾಮಾನ್ಯ ಬಿಲ್ಡ್‌ನಲ್ಲಿ ಕಂಪೈಲರ್ ಸುಮ್ನೆ ಇರುತ್ತದೆ. ಬಿಲ್ಡ್ ಮಾಡುವಾಗ 'ಡಬ್ಲ್ಯೂ=2' ಅನ್ನೋ ಆಯ್ಕೆ ಕೊಟ್ಟರೆ ಮಾತ್ರ ಎಚ್ಚರಿಸುತ್ತದೆ, ಜೊತೆಗೆ ಬೇರೆ ಎಚ್ಚರಿಕೆಗಳ ರಾಶಿಯನ್ನೂ ಸುರಿಯುತ್ತದೆ.

ಮ್ಯಾಕ್ರೋ ಒಳಗೆ ಹುಟ್ಟುವ ವೇರಿಯೇಬಲ್‌ಗೂ ಇದೇ ಅಪಾಯ. ಹಾಗಾಗಿ ಮ್ಯಾಕ್ರೋದಲ್ಲಿ ಬರೀ 'ರೆಟ್' ಬೇಡ, '__ಫೂ_ರೆಟ್' ಥರ ಇಡಿ ಅನ್ನುತ್ತದೆ ಕರ್ನಲ್‌ನ ಕೋಡಿಂಗ್ ಸ್ಟೈಲ್. 'ಮಿನ್', 'ಮ್ಯಾಕ್ಸ್' ಮ್ಯಾಕ್ರೋಗಳು ಅಷ್ಟಕ್ಕೂ ನಂಬಲ್ಲ. ಒಂದರೊಳಗೆ ಒಂದು ಬಳಸುವವರೂ ಇದ್ದಾರಲ್ಲ! ಅದಕ್ಕೆ ಪ್ರತಿ ಸಲ ಕರೆದಾಗಲೂ ಒಳಗಿನ ವೇರಿಯೇಬಲ್ ಹೆಸರಿಗೆ ಕಂಪೈಲರ್‌ನಿಂದ ಒಂದು ಹೊಸ ನಂಬರ್ ತಂದು ಅಂಟಿಸುತ್ತವೆ.