ಸೀರೆಯ ವಯಸ್ಸನ್ನು ಬಣ್ಣದಲ್ಲಿ ಹುಡುಕಿ

ಹಳೆಯ ಬಟ್ಟೆಗಳ ಸಂರಕ್ಷಣೆ ನನ್ನ ವೃತ್ತಿ. ಹರಿದದ್ದಕ್ಕೆ ಆಸರೆ ಹೊಲಿಯುವುದು, ಕೊಳೆ ತೆಗೆಯುವುದು, ಇನ್ನಷ್ಟು ಹಾಳಾಗದಂತೆ ಎತ್ತಿಡುವುದು ಇದರ ದಿನನಿತ್ಯದ ಕೆಲಸ. ಆದರೆ ಸೀರೆಯನ್ನು ತಂದು ಮೇಜಿನ ಮೇಲೆ ಹರಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಎಷ್ಟು ವರ್ಷವಾಗಿರಬಹುದು? ಬಹಳಷ್ಟು ಸಲ ಉತ್ತರವನ್ನೂ ಅವರೇ ಹೊತ್ತು ತಂದಿರುತ್ತಾರೆ. ಮುತ್ತಜ್ಜಿಯ ಅಜ್ಜಿಯದು, ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲ, ಅರಮನೆಯಿಂದ ಉಡುಗೊರೆಯಾಗಿ ಬಂದದ್ದು. ಬಟ್ಟೆಯನ್ನು ಪರೀಕ್ಷಿಸಿ ನಾನು ಹೇಳುವ ವಯಸ್ಸು ಸಾಮಾನ್ಯವಾಗಿ ಅದರ ಅರ್ಧಕ್ಕೆ ಇಳಿಯುತ್ತದೆ. ಅವರ ಮುಖ ಬಾಡುತ್ತದೆ. ಹಾಗೆ ಬಾಡಬೇಕಾದ ಅಗತ್ಯವಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಮೊದಲಿಗೆ, ವಿನ್ಯಾಸವನ್ನು ನೋಡಿ ಕಾಲ ಹೇಳುವ ಅಭ್ಯಾಸವನ್ನು ಬಿಡಬೇಕು. ಮಾವಿನಕಾಯಿ, ಗೋಪುರದ ಅಂಚು, ರುದ್ರಾಕ್ಷಿ, ಚೌಕುಳಿ ಇವೆಲ್ಲ ತಲೆಮಾರುಗಳಿಂದ ಮಗ್ಗದ ಮೇಲೆ ಮತ್ತೆ ಮತ್ತೆ ಹುಟ್ಟುತ್ತಾ ಬಂದಿವೆ. ಇಳಕಲ್ ಸೀರೆಯ ಕೆಂಪು ಬಿಳಿಯ ತೆನಿ ಸೆರಗು ಇಂದಿಗೂ ನೇಯಲಾಗುತ್ತಿದೆ. ಸೆರಗನ್ನು ಮಾತ್ರ ನೋಡಿ ಅದು ಕಳೆದ ವರ್ಷದ್ದೋ ಶತಮಾನದ ಹಿಂದಿನದ್ದೋ ಎಂದು ಹೇಳಲಾಗದು. ಕಾರ್ಬನ್ ಪರೀಕ್ಷೆ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಫುಸ್ತಾತ್‌ನಲ್ಲಿ, ಅಂದರೆ ಹಳೆಯ ಕೈರೋದಲ್ಲಿ, ಸಿಕ್ಕ ಗುಜರಾತಿನ ಅಚ್ಚುಬಟ್ಟೆಯ ತುಂಡುಗಳಿಗೆ ಆ ಪರೀಕ್ಷೆ ಬಹಳ ಉಪಕಾರ ಮಾಡಿದೆ, ಏಕೆಂದರೆ ಅವು ಮಧ್ಯಯುಗದವು. ಸುಮಾರು 1650ರಿಂದ ಈಚಿನ ವಸ್ತುಗಳಲ್ಲಿ ಆ ಲೆಕ್ಕ ಎಷ್ಟು ಅಸ್ಪಷ್ಟವಾಗುತ್ತದೆಂದರೆ, ಬರುವ ಉತ್ತರ ಮೂರು ಶತಮಾನಗಳಲ್ಲಿ ಎಲ್ಲಿಗೆ ಬೇಕಾದರೂ ಹೊಂದುತ್ತದೆ. ನಮ್ಮ ಮನೆಗಳ ಪೆಟ್ಟಿಗೆಯ ಸೀರೆಗಳಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ನಾವು ಬಣ್ಣದ ಬಳಿಗೆ ಹೋಗುತ್ತೇವೆ.

1856ಕ್ಕಿಂತ ಹಿಂದೆ ಜಗತ್ತಿನ ಬಟ್ಟೆಗಳ ಬಣ್ಣ ಬಹುಮಟ್ಟಿಗೆ ಗಿಡ, ಬೇರು, ಹುಳು, ಚಿಪ್ಪು ಮತ್ತು ಖನಿಜಗಳಿಂದ ಬರುತ್ತಿತ್ತು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದಿದ್ದ ಹತ್ತಿಬಟ್ಟೆಯ ಚೂರಿಗೂ ಮಂಜಿಷ್ಠದ ಜಾತಿಯ ಬೇರಿನ ಕೆಂಪೇ ಇತ್ತು. ಮಂಜಿಷ್ಠದಿಂದ ಮತ್ತು ಅರಗಿನಿಂದ ಕೆಂಪು, ನೀಲಿಗಿಡದಿಂದ ನೀಲಿ, ಅರಿಶಿನ ಮತ್ತು ದಾಳಿಂಬೆ ಸಿಪ್ಪೆಯಿಂದ ಹಳದಿ. ಬೇರಿನ ಕೆಂಪು ನೂಲಿಗೆ ಹಿಡಿಯಬೇಕಾದರೆ ಪಟಿಕ ಬೇಕು, ಹತ್ತಿಯಾದರೆ ಅಳಲೆಕಾಯಿಯ ಒಗರೂ ಬೇಕು. ಒಂದು ಕೆಂಪಿನ ಹಿಂದೆ ಹಲವು ದಿನಗಳ ನೀರು, ಬಿಸಿಲು, ಬೆಂಕಿ ಇರುತ್ತಿತ್ತು.

1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕೊಡುವ ಕ್ವಿನೈನನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟ. ಕ್ವಿನೈನ್ ಸಿಗಲಿಲ್ಲ. ಕಲ್ಲಿದ್ದಲಿನ ಡಾಂಬರಿನಿಂದ ಬರುವ ಅನಿಲೀನಿನಿಂದ ಒಂದು ನೇರಳೆ ಬಣ್ಣ ಸಿಕ್ಕಿತು. ಅದು ರೇಷ್ಮೆಗೆ ಸುಲಭವಾಗಿ ಹತ್ತಿತು. ಮೂರು ವರ್ಷಗಳೊಳಗೆ ಫ್ರಾನ್ಸಿನ ಲಿಯಾನ್‌ನಿಂದ ಕಡುಗುಲಾಬಿಯ ಮೆಜೆಂಟಾ ಬಂದಿತು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಬೇರಿನ ಕೆಂಪಿನ ಮುಖ್ಯ ಅಂಶವಾದ ಅಲಿಜರಿನ್ನನ್ನೇ ತಯಾರಿಸಿದರು. ಫ್ರಾನ್ಸ್ ಮತ್ತು ಹಾಲೆಂಡಿನ ಬೇರಿನ ಹೊಲಗಳು ಕೆಲವೇ ವರ್ಷಗಳಲ್ಲಿ ಬರಿದಾದವು. 1884ರ ಕಾಂಗೋ ರೆಡ್ ಹತ್ತಿಗೆ ಪಟಿಕದ ಹಂಗಿಲ್ಲದೆ ನೇರವಾಗಿ ಹಿಡಿಯಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು.

ಈ ಇಸವಿಗಳು ನಮಗೆ ಮೈಲಿಗಲ್ಲುಗಳು. ಸೀರೆಯ ಮೂಲ ನೇಯ್ಗೆಯ ಒಂದೇ ಒಂದು ಎಳೆಯಲ್ಲಿ ಅನಿಲೀನ್ ಬಣ್ಣ ಸಿಕ್ಕಿತೆಂದರೆ ಆ ಸೀರೆ 1856ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಆದರೆ ಬರಿಗಣ್ಣಿಗೆ ನೇರಳೆ ಕಂಡ ಮಾತ್ರಕ್ಕೆ ಅದು ಅನಿಲೀನ್ ಎಂದುಕೊಳ್ಳಬಾರದು. ಅರಗಿನ ಕೆಂಪಿನ ಮೇಲೆ ನೀಲಿ ಹಾಯಿಸಿ ನೇರಳೆ ಮಾಡುವುದು ನಮ್ಮ ಬಣ್ಣಗಾರರಿಗೆ ಮೊದಲಿನಿಂದ ಗೊತ್ತಿತ್ತು. ಅದಕ್ಕಾಗಿ ಒಳಮಡಿಕೆಯನ್ನು ನೋಡುತ್ತೇನೆ. ಆರಂಭದ ಅನಿಲೀನ್ ಬಣ್ಣಗಳಿಗೆ ಬೆಳಕನ್ನು ತಾಳುವ ಶಕ್ತಿ ಬಹಳ ಕಡಿಮೆ. ಹೊರಗೆ ಮಂಕು ಬೂದುಬಣ್ಣಕ್ಕೆ ತಿರುಗಿದ ಸೆರಗಿನ ತುದಿಯಲ್ಲಿ ಮಡಿಚಿ ಹೊಲಿದ ಪಟ್ಟಿಯನ್ನು ಬಿಡಿಸಿದಾಗ ಒಳಗೆ ಕಣ್ಣು ಕುಕ್ಕುವ ಮೆಜೆಂಟಾ ಕಾಣಿಸಿದರೆ ಅನುಮಾನ ಬಲವಾಗುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಕೆಲವು ಮಿಲಿಮೀಟರ್ ಉದ್ದದ ಎಳೆಯೊಂದನ್ನು ಕ್ರೊಮಟೋಗ್ರಫಿಗೆ, ಅಂದರೆ ಬಣ್ಣದ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆಗೆ, ಕಳಿಸಬೇಕು.

ಹಸಿರಿನದು ಬೇರೆಯೇ ಕಥೆ, ನನಗೆ ಬಹಳ ಪ್ರಿಯವಾದದ್ದು ಕೂಡ. ಹಿಂದೆ ಗಾಢವಾದ, ನಿಲ್ಲುವ ಹಸಿರನ್ನು ಒಂದೇ ಗಿಡದಿಂದ ಪಡೆಯುವ ದಾರಿ ನಮ್ಮ ಬಣ್ಣಗಾರರಿಗೆ ಇರಲಿಲ್ಲ. ನೂಲನ್ನು ನೀಲಿಯಲ್ಲಿ ಅದ್ದಿ, ಅದರ ಮೇಲೆ ಹಳದಿ ಹಾಯಿಸುತ್ತಿದ್ದರು. ನೀಲಿ ಗಟ್ಟಿ, ಹಳದಿ ಅಳ್ಳಕ. ವರ್ಷಗಳು ಕಳೆದಂತೆ ಹಳದಿ ಹಾರಿಹೋಗಿ ನೀಲಿ ಉಳಿಯುತ್ತದೆ. ಯುರೋಪಿನ ಹಳೆಯ ಗೋಡೆಪರದೆಗಳಲ್ಲಿ ಮರಗಳ ಎಲೆಗಳು ನೀಲಿಯಾಗಿ ಕಾಣುವುದು ಇದೇ ಕಾರಣಕ್ಕೆ. ಗಿಣಿಹಸಿರಿನ ಸೀರೆ ಎಂದು ಮನೆಯವರು ಹೇಳುವ ಸೀರೆ ಬೆಳಕಿಗೆ ನೀಲಿಯಾಗಿ ಕಂಡು, ಮಡಿಕೆಯ ಒಳಗೆ ಮಾತ್ರ ಹಸಿರನ್ನು ಉಳಿಸಿಕೊಂಡಿದ್ದರೆ ನನ್ನ ಕೈ ತಾನಾಗಿ ನಿಧಾನವಾಗುತ್ತದೆ. ಅದನ್ನು ಮುಟ್ಟುವ ರೀತಿಯೇ ಬೇರೆ.

ಕಪ್ಪಿಗೆ ಇನ್ನೊಂದು ಗುಣವಿದೆ. ಕಲಂಕಾರಿಯ ಹಳೆಯ ಕಪ್ಪನ್ನು ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ, ಅಳಲೆಕಾಯಿಯ ಒಗರು ಹಿಡಿಸಿದ ಬಟ್ಟೆಯ ಮೇಲೆ ಬರೆದು ಪಡೆಯುತ್ತಿದ್ದರು. ಆ ಕಬ್ಬಿಣವೇ ನಿಧಾನವಾಗಿ ಹತ್ತಿಯನ್ನು ತಿನ್ನುತ್ತದೆ. ಹೂವಿನ ಕೆಂಪು ದಳ ಹಾಗೇ ಇರುತ್ತದೆ, ಅದರ ಸುತ್ತ ಬರೆದ ಕಪ್ಪುಗೆರೆ ಮಾತ್ರ ಪುಡಿಯಾಗಿ ಉದುರಿ, ಗೆರೆ ಇದ್ದಲ್ಲೆಲ್ಲ ಕತ್ತರಿಸಿದಂತೆ ಸೀಳು ಬಿಟ್ಟಿರುತ್ತದೆ. ನುಸಿ ತಿಂದಿದೆ ಎಂದು ಮನೆಯವರು ದೂರುತ್ತಾರೆ. ನುಸಿಗೆ ಗೆರೆ ಹಿಡಿದು ತಿನ್ನಲು ಬರುವುದಿಲ್ಲ.

ನೀಲಿ ಮಾತ್ರ ವಯಸ್ಸಿನ ವಿಷಯದಲ್ಲಿ ಬಾಯಿ ಬಿಡದ ಬಣ್ಣ. ಗಿಡದ ನೀಲಿಯ ಮುಖ್ಯ ಅಂಶವೂ ಕಾರ್ಖಾನೆಯ ನೀಲಿಯೂ ರಸಾಯನದಲ್ಲಿ ಒಂದೇ, ಕಣ್ಣಿಗೆ ವ್ಯತ್ಯಾಸ ಸಿಗದು. ಆದರೂ ಆ ಬಣ್ಣದ ಹಿಂದಿನ ಇತಿಹಾಸ ಸಣ್ಣದಲ್ಲ. ಜರ್ಮನಿಯ ನೀಲಿ ಬಂದ ಮೇಲೆ ಬಿಹಾರದ ನೀಲಿ ಬೆಳೆ ಕುಸಿಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರಕು ನಿಂತಾಗ ಬೇಡಿಕೆ ಮತ್ತೆ ಏರಿತು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದಾಗ ಅಲ್ಲಿನ ರೈತರ ದೂರು ಇಪ್ಪತ್ತು ಕಟ್ಟಾ (ಅಲ್ಲಿನ ನೆಲದ ಅಳತೆ) ಭೂಮಿಯಲ್ಲಿ ಮೂರು ಕಟ್ಟಾದಲ್ಲಿ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆಯ ಬಗ್ಗೆಯಾಗಿತ್ತು.

ಬಣ್ಣದ ನಂತರ ಎಳೆ. ಇಳಕಲ್ ಸೀರೆಯನ್ನೇ ನೋಡೋಣ. ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಒಡಲಿನ ಹಾಸು ಮುಗಿದು ಸೆರಗಿನ ಹಾಸು ಶುರುವಾಗುವ ಜಾಗದಲ್ಲಿ ಭೂತಗನ್ನಡಿ ಹಿಡಿದರೆ ಒಂದು ಅದ್ಭುತ ಕಾಣುತ್ತದೆ. ಗಂಟಿಲ್ಲ, ಹೊಲಿಗೆಯಿಲ್ಲ. ಒಡಲಿನ ಎಳೆ ಕುಣಿಕೆಯಾಗಿ ತಿರುಗಿದೆ, ಸೆರಗಿನ ಎಳೆ ಆ ಕುಣಿಕೆಯೊಳಗೆ ಹಾದು ತಾನೂ ಕುಣಿಕೆಯಾಗಿ ಹಿಂದಕ್ಕೆ ಹೋಗಿದೆ. ಸೀರೆಯ ಅಗಲದುದ್ದಕ್ಕೂ ಒಂದೊಂದೇ ಎಳೆಗೆ ಕೈಯಿಂದ ಹಾಕಿದ ಕೊಂಡಿಗಳು. ಈ ಕೊಂಡಿ ಊರನ್ನು ಹೇಳುತ್ತದೆ, ವರ್ಷವನ್ನು ಹೇಳುವುದಿಲ್ಲ. ವರ್ಷದ ಸುಳಿವು ದಡಿಯ ಎಳೆಯಲ್ಲಿದೆ. ಮರದ ತಿರುಳಿನಿಂದ ಮಾಡುವ ಕೃತಕ ರೇಷ್ಮೆ, ವಿಸ್ಕೋಸ್, ಇಂಗ್ಲೆಂಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 1905ರಲ್ಲಿ. ಇಳಕಲ್ಲಿನವರು ಚಮಕಾ ಎನ್ನುವ ಕೃತಕ ರೇಷ್ಮೆಯ ನೂಲು ದಡಿಯಲ್ಲಿದ್ದರೆ ಸೀರೆ ಇಪ್ಪತ್ತನೆಯ ಶತಮಾನದ್ದು ಅಥವಾ ಅದಕ್ಕೂ ಈಚಿನದು. ಸೂಕ್ಷ್ಮದರ್ಶಕದಡಿ ರೇಷ್ಮೆಯ ಎಳೆ ಗಾಜಿನ ಕಡ್ಡಿಯಷ್ಟು ನುಣುಪು, ವಿಸ್ಕೋಸಿನ ಮೈಮೇಲೆ ಉದ್ದಕ್ಕೂ ಗೀರುಗಳು, ಹತ್ತಿ ತಿರುಚಿಕೊಂಡಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೈಸೂರು ಸಿಲ್ಕಿನ ನುಣುಪು ಕ್ರೇಪ್ ಸೀರೆಯನ್ನು ಇನ್ನೂರು ವರ್ಷದ್ದೆಂದು ತರುವವರಿಗೆ ಒಂದೇ ಮಾತು ಸಾಕು: ಆ ಸೀರೆಗಳ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾಯಿತು.

ಜರಿಯ ಬಗ್ಗೆ ಸ್ವಲ್ಪ ಕೋಪದಿಂದಲೇ ಬರೆಯಬೇಕಾಗಿದೆ. ಅಸಲಿ ಜರಿ ಎಂದರೆ ಬೆಳ್ಳಿಯ ತಂತಿಯನ್ನು ಕೂದಲಿಗಿಂತ ತೆಳ್ಳಗೆ ಎಳೆದು, ಚಪ್ಪಟೆ ಮಾಡಿ, ರೇಷ್ಮೆಯ ಎಳೆಗೆ ಸುತ್ತಿ, ಚಿನ್ನದ ನೀರು ಹಾಯಿಸಿದ್ದು. ಸವೆದಲ್ಲಿ ಒಳಗಿನ ರೇಷ್ಮೆ ಇಣುಕುತ್ತದೆ, ಸಾಮಾನ್ಯವಾಗಿ ಕೆಂಪು ಅಥವಾ ಹಳದಿ. ಚಿನ್ನದ ಪಾಲು ಅತ್ಯಲ್ಪ: ಇಂದಿನ ಮೈಸೂರು ಸಿಲ್ಕ್ ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿ, ಶೇಕಡಾ 0.65ರಷ್ಟು ಚಿನ್ನ. ಒಳಗೆ ತಾಮ್ರದ ಬಣ್ಣ ಕಂಡರೆ ಅದು ನಕಲಿ. ಪ್ಲಾಸ್ಟಿಕ್ ಹಾಳೆಯ ಮಿನುಗುವ ಜರಿಯಾದರೆ ಎರಡನೆಯ ಮಹಾಯುದ್ಧದ ನಂತರದ್ದು. "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಎಂದು ಬೀದಿಯಲ್ಲಿ ಕೂಗುತ್ತಾ ಬರುವವರು ತೂಕಕ್ಕೆ ಕೊಂಡು, ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಒಂದು ಸೀರೆಯಲ್ಲಿದ್ದ ಬಣ್ಣ, ನೂಲು, ನೇಕಾರನ ಕೈ, ಉಟ್ಟವಳ ಮೈಯ ಗುರುತು ಎಲ್ಲವೂ ಬೂದಿ. ಹೀಗೆ ಬೂದಿಯಾದ ಸೀರೆಗಳಿಗೆ ಲೆಕ್ಕವಿಲ್ಲ. ದುಡ್ಡಿನ ಅಡಚಣೆ ಇದ್ದರೆ ಅದನ್ನು ಅರ್ಥಮಾಡಿಕೊಳ್ಳಬಲ್ಲೆ. ಆಗಲೂ ಕೊಡುವ ಮೊದಲು ಅಂಚು ಮತ್ತು ಸೆರಗಿನ ಒಂದು ಗೇಣು ಬಟ್ಟೆಯನ್ನಾದರೂ ಕತ್ತರಿಸಿ ಇಟ್ಟುಕೊಳ್ಳಿ.

ಮತ್ತೆ ವಯಸ್ಸಿನ ವಿಷಯಕ್ಕೆ ಬರುತ್ತೇನೆ. ಅನಿಲೀನ್ ಬಣ್ಣ ಪತ್ತೆಯಾದ ಕೂಡಲೇ "ಹಾಗಾದರೆ ಇದು ಬರೀ ಕೆಮಿಕಲ್ ಬಣ್ಣವೇ?" ಎಂದು ಸೀರೆಯನ್ನು ಸುರುಳಿ ಸುತ್ತಿಕೊಂಡು ಹೊರಡುವವರಿದ್ದಾರೆ. ಅವರನ್ನು ಕೂರಿಸಿಕೊಂಡು ಹೇಳುತ್ತೇನೆ: ಲಂಡನ್ನಿನ ಡಾಂಬರು, ಜರ್ಮನಿಯ ಕಾರ್ಖಾನೆ, ಮುಂಬೈ ಬಂದರು, ಊರಿನ ಬಣ್ಣದಂಗಡಿ, ನೇಕಾರರ ಓಣಿ ಇಷ್ಟೂ ಸೇರಿದ್ದು ನಿಮ್ಮ ಅಜ್ಜಿಯ ಒಂದು ಗುಲಾಬಿ ಅಂಚಿನಲ್ಲಿ. ಅಂಥ ಗುಲಾಬಿಯನ್ನು ಅವರ ಅಜ್ಜಿ ನೋಡಿರಲೇ ಇಲ್ಲ. ಅಂಗಡಿಯಲ್ಲಿ ಮೊದಲ ಸಲ ಅದನ್ನು ಕಂಡು, ಇದೇ ಬೇಕು ಎಂದು ಹಟ ಹಿಡಿದ ಹೆಣ್ಣುಮಗಳ ಸಂತೋಷ ಸುಳ್ಳಾಗಿರಲಿಲ್ಲ. ಇನ್ನೂರು ವರ್ಷದ ಹಳಮೆಗಿಂತ 1890ರ ಆಸುಪಾಸಿನ ಇಂಥ ಸೀರೆ ನನಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ವಸ್ತುಸಂಗ್ರಹಾಲಯಗಳು ಅರಮನೆಯ ಜರತಾರಿಯನ್ನು ಹೇಗೂ ಕಾಪಾಡುತ್ತವೆ, ಮನೆಯ ಸಾದಾ ಸೀರೆಯನ್ನು ಮನೆಯವರೇ ಕಾಪಾಡಬೇಕು.

ಕಾಪಾಡಲು ದೊಡ್ಡ ಖರ್ಚಿಲ್ಲ. ಆರಂಭದ ಕೃತಕ ಬಣ್ಣಗಳು ನೀರಿಗೆ ಬಿಡುತ್ತವೆ, ಹಾಗಾಗಿ ನೆನೆಸಬೇಡಿ. ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿಯನ್ನು ಕಾಣದ ಮೂಲೆಯಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಪಾಲಿಥಿನ್ ಚೀಲ, ದಿನಪತ್ರಿಕೆ ಎರಡೂ ಬೇಡ. ನುಸಿಗುಳಿಗೆ ಬಟ್ಟೆಗೂ ಜರಿಗೂ ತಾಗಬಾರದು. ಒಗೆದು ಗಂಜಿ ಪೂರ್ತಿ ತೆಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ, ಆರು ತಿಂಗಳಿಗೊಮ್ಮೆ ನೆರಳಿನಲ್ಲಿ ಬಿಡಿಸಿ, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಚಿ. ಹಳೆಯ ರೇಷ್ಮೆ ಸೀಳುವುದು ಹೆಚ್ಚಾಗಿ ಮಡಿಕೆಯಲ್ಲೇ. ಜೊತೆಗೆ ಒಂದು ತುಂಡು ಬಿಳಿ ಬಟ್ಟೆಯ ಮೇಲೆ ಪೆನ್ಸಿಲ್‌ನಿಂದ ಬರೆದಿಡಿ: ಯಾರು ಉಟ್ಟದ್ದು, ಯಾವ ಊರು, ಯಾವ ಸಂದರ್ಭ, ಎಲ್ಲಿ ಕೊಂಡದ್ದು. ಬಣ್ಣದಿಂದಲೂ ಎಳೆಯಿಂದಲೂ ನಾನು ಹುಡುಕಿ ತೆಗೆಯಲಾಗದ ಸಂಗತಿಗಳು ಇವೇ, ಮನೆಯಲ್ಲಿ ಹಿರಿಯರಿದ್ದರೆ ಇದೇ ವಾರ ಕೇಳಿ ಬರೆದುಕೊಳ್ಳಿ.